ಕಂಪವನ್ನು ನುಂಗುವ ಚಕ್ರ

ಕಳೆದ ತಿಂಗಳು ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕಿಸುವ ವಿಚಾರವನ್ನು ಬರೆದಿದ್ದೆವು. ಈ ತಿಂಗಳು ಓಟದ ಮೋಟಾರು ಕಾರಿನ ಎಂಜಿನ್ನಿನೊಳಗಣ ಒಂದು ಚಕ್ರದ ವಿಚಾರ. ವ್ಯಾಕರಣ ಕಲಿಸಿಕೊಂಡಿದ್ದ ಮುದುಕನಿಗೆ ಇದೇನು ಹೊಸ ಹುಚ್ಚೆಂದು ಕೆಲವರು ನಗಬಹುದು. ನಕ್ಕವರೂ ಕೊನೆಯವರೆಗೆ ಓದಬೇಕೆಂದು ಪ್ರಾರ್ಥನೆ. ಕೆಟ್ಟ ವಸ್ತುವಿನ ಸ್ಥಾನಕ್ಕೆ ಬೇರೊಂದನ್ನು ತರುವ ಪ್ರಸಂಗ ಯಾವ ಮನೆಗೆ ಬಾರದು? ಅಂತಹ ವೇಳೆಯಲ್ಲಿ ಮೊದಲು ಕೇಳತಕ್ಕ ಪ್ರಶ್ನೆ ಯಾವುದೆಂಬುದನ್ನು ನಾವು ಕಲಿತದ್ದು ಈ ಚಕ್ರದಿಂದಲೇ.

ಕಳೆದ ವರ್ಷದ ಬೇಸಗೆಯನ್ನು ನಾವು ಅಮೆರಿಕ ದೇಶದ ಮಿಷಿಗನ್ ಪ್ರಾಂತದಲ್ಲಿರುವ ಮಗಳ ಮನೆಯಲ್ಲಿ ಕಳೆದೆವು. ಡೆಟ್ರಾಯಿಟ್ ನಗರ ಅಲ್ಲಿಗೆ ಸಮೀಪ. ಮೋಟಾರು ಕಾರೇ ಆ ಸೀಮೆಯ ಕುಲವಿದ್ಯೆ. ನಮ್ಮ ಅಳಿಯಂದಿರು ಲೆಕ್ಕಪತ್ರದ ಉದ್ಯೋಗದವರು. ಯಂತ್ರವಿದ್ಯೆ ಅವರ ವೃತ್ತಿಯಲ್ಲ. ಆದರೂ ಎಳೆತನದಿಂದ ಬಂದ ಆಸೆಯೊಂದಿತ್ತು. ಕೂಡಿಟ್ಟ ಹಣದಿಂದ 1980ರ ದಶಕದ ಒಂದು ಹಳೆಯ ಫೋರ್ಡ್ ಮಸ್ಟಾಂಗ್ ಕಾರನ್ನು ಕೊಂಡುಬಿಟ್ಟಿದ್ದರು. ಈ ಜಾತಿಯ ಕಾರು 1964ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಮೊದಲು ಜನರ ಕಣ್ಣಿಗೆ ಬಿದ್ದಿತು. ಅಳಿಯಂದಿರ ಕಾರು ಮಗಳ ಮನೆಗೆ ಹತ್ತಿರದ ಡಿಯರ್‌ಬಾರ್ನ್ ಊರಿನ ಕಾರ್ಖಾನೆಯಲ್ಲಿಯೇ ಹುಟ್ಟಿದುದು. ಮಗಳಿಗೆ ಮಾತ್ರ ಅದು ಸವತಿಯಂತೆ ಕಾಣುತ್ತಿದ್ದಿತು. "ಅಪ್ಪಾ, ಮನೆಯ ಸಾಲ ಇನ್ನೂ ತೀರಿಲ್ಲ, ಇವರು ಕಬ್ಬಿಣಕ್ಕೆ ದುಡ್ಡು ಸುರಿಯುತ್ತಿದ್ದಾರೆ," ಎಂದು ನಾವು ಹೋದ ಮೂರನೆಯ ದಿನವೇ ದೂರಿತ್ತಳು. ಇಬ್ಬರ ನಡುವೆ ಮಾತು ಕಡಮೆಯಾಗಿದ್ದುದನ್ನು ನಾವೂ ಕಂಡೆವು.

ಹೀಗಿರಲಾಗಿ ಒಂದು ಭಾನುವಾರ ಕಾರು ನಡುಗತೊಡಗಿತು. ಹಿಂದಿನ ಯಜಮಾನನಿಂದ ಪರಿಚಿತವಾಗಿದ್ದ ಒಂದು ದುರಸ್ತಿಯ ಅಂಗಡಿಯವರು ಇಗ್ನಿಷನ್ನಿನ ಕಾಲವನ್ನು ಎರಡು ಸಲ ಸರಿಪಡಿಸಿ ಎರಡು ಸಲವೂ ಹಣ ಪಡೆದರು. ಎಂಜಿನ್ನು ಮಾತ್ರ ಮೊದಲಿಗಿಂತ ಮಂಕಾಯಿತು. ಕೊನೆಗೆ ಪಕ್ಕದ ಮನೆಯ ವೃದ್ಧರೊಬ್ಬರು, ಹಿಂದೆ ಕಾರ್ಖಾನೆಯಲ್ಲಿ ದುಡಿದು ವಿಶ್ರಾಂತರಾದವರು, ಬಂದು ಎಂಜಿನ್ನಿನ ಮುಂದೆ ಬಗ್ಗಿ ನೋಡಿ, ಹಾರ್ಮೋನಿಕ್ ಬ್ಯಾಲೆನ್ಸರ್ ಹೋಗಿದೆ ಎಂದರು.

ನಮಗೆ ಆ ಹೆಸರೇ ಹೊಸದು. ಅದರ ಅರ್ಥವನ್ನು ಬಿಡಿಸಿಕೊಡಬೇಕೆಂದು ವೃದ್ಧರನ್ನು ಕೇಳಿದೆವು. ಅವರು ನಗುತ್ತ, ಹೆಸರನ್ನು ನಂಬಿದರೆ ಕೆಟ್ಟಿರಿ ಎಂದರು. ಅದು ನಿಜ. ಸಂಸ್ಕೃತದಲ್ಲಿ ಕುಶಲ ಶಬ್ದಕ್ಕೆ ದರ್ಭೆಯನ್ನು ತರುವವನೆಂಬುದು ಅವಯವಾರ್ಥ. ಆದರೆ ಯಾರನ್ನಾದರೂ ಕುಶಲರೆಂದಾಗ ದರ್ಭೆಯನ್ನು ಯಾರೂ ನೆನೆಯುವುದಿಲ್ಲ. ಅದರಂತೆ ಇದೂ ರೂಢಿಯ ಹೆಸರು. ಆ ಚಕ್ರದ ಮುಖ್ಯ ಕಾರ್ಯ ತೂಗಿಸುವುದಲ್ಲ, ಕಂಪವನ್ನು ಶಮನ ಮಾಡುವುದು. ನಾವಾದರೆ ಅದನ್ನು ಕಂಪಶಾಮಕವೆಂದು ಕರೆದೇವು. ಆದರೆ ಅಂಗಡಿಯಲ್ಲಿ ಹಾಗೆ ಕೇಳಿದರೆ ಯಾರೂ ಕೊಡಲಾರರು. ಆದುದರಿಂದ ಬ್ಯಾಲೆನ್ಸರ್ ಎಂದೇ ಬರೆಯುತ್ತೇವೆ.

ಕಂಪವೆಲ್ಲಿಂದ ಬಂದಿತೆಂದರೆ, ಎಂಜಿನ್ನಿನ ಸಿಲಿಂಡರುಗಳಲ್ಲಿ ಪೆಟ್ರೋಲು ಉರಿದು ಪಿಸ್ಟನ್ನನ್ನು ತಳ್ಳುವುದು. ಆ ತಳ್ಳಿಕೆ ಕ್ರ್ಯಾಂಕ್ ದಂಡವೆಂಬ ಉಕ್ಕಿನ ಅಥವಾ ಎರಕದ ಅಚ್ಚನ್ನು ತಿರುಗಿಸುವುದು. ಮಸ್ಟಾಂಗಿನದು ಎಂಟು ಸಿಲಿಂಡರಿನ ಎಂಜಿನ್ನು. ದಂಡವು ಎರಡು ಸುತ್ತು ಸುತ್ತುವಷ್ಟರಲ್ಲಿ ಎಂಟು ಪೆಟ್ಟು ಬೀಳುವುವು. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಇದು ಸೆಕೆಂಡಿಗೆ 200 ಪೆಟ್ಟು. ಒಂದೊಂದು ಪೆಟ್ಟಿಗೂ ಅಷ್ಟು ಗಟ್ಟಿಯಾದ ದಂಡವು ಒದ್ದೆ ಬಟ್ಟೆಯನ್ನು ಹಿಂಡಿದಂತೆ ಅತ್ಯಲ್ಪವಾಗಿ ತಿರುಚಿಕೊಂಡು ಮರುಕ್ಷಣ ಬಿಚ್ಚಿಕೊಳ್ಳುವುದು. ಇದು ಕಣ್ಣಿಗೆ ಕಾಣದು. ಆದರೆ ಉಯ್ಯಾಲೆಯನ್ನು ಕೂಸು ಕೂಡ ಹದವರಿತು ತಳ್ಳಿದರೆ ಅದು ಮೇಲೆ ಮೇಲೆ ಹೋಗುವಂತೆ, ಯಾವುದೋ ಒಂದು ವೇಗದಲ್ಲಿ ಪೆಟ್ಟುಗಳ ಲಯವೂ ದಂಡದ ಸಹಜವಾದ ತಿರುಚಿನ ಲಯವೂ ಒಂದಾಗುವುವು. ಆಗ ತಿರುಚು ಬೆಳೆದು ಬೆಳೆದು ದಂಡವನ್ನೇ ಮುರಿಯಬಹುದು.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಆರು ಸಿಲಿಂಡರಿನ ಉದ್ದನೆಯ ಎಂಜಿನ್ನುಗಳು ಬಂದಾಗ ಇಂಗ್ಲೆಂಡಿನ ಯಂತ್ರಶಿಲ್ಪಿಗಳಿಗೆ ಈ ಸಂಕಟ ಎದುರಾಯಿತು. ಹೆನ್ರಿ ರಾಯ್ಸ್ ಮತ್ತು ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಮೇಧಾವಿಗಳು ದಂಡದ ತುದಿಯಲ್ಲಿ ಜಾರುವ ಒಂದು ಭಾರದ ಚಕ್ರವನ್ನಿಟ್ಟು ಪರಿಹಾರ ಕಂಡರು. ಇಂದಿನ ಬ್ಯಾಲೆನ್ಸರು ಅದರ ಸಂತತಿಯೇ. ಮಧ್ಯದಲ್ಲಿ ಗಾಲಿಯ ಗುಂಬದಂತಹ ನಾಭಿ. ಅದು ದಂಡಕ್ಕೆ ಬಿಗಿಯಾಗಿ ಕೂತಿರುವುದು. ಹೊರಗೆ ಭಾರವಾದ ಕಬ್ಬಿಣದ ಬಳೆ. ಎರಡರ ನಡುವೆ ರಬ್ಬರಿನ ಪಟ್ಟಿ. ದಂಡ ತಿರುಚಿಕೊಂಡಾಗ ನಾಭಿ ನಡುಗುವುದು. ಹೊರಬಳೆ ತನ್ನ ಭಾರದಿಂದ ಒಂದೇ ಸಮನಾಗಿ ತಿರುಗಲೆಳಸುವುದು. ನಡುವಣ ರಬ್ಬರು ಎಳೆದಾಟವನ್ನೆಲ್ಲ ತಾನು ಸಹಿಸಿ ಅದನ್ನು ಶಾಖವಾಗಿ ಕಳೆದುಬಿಡುವುದು.

ನಮ್ಮ ಅಳಿಯಂದಿರ ಕಾರಿನಲ್ಲಿ ಆ ರಬ್ಬರು ಎಣ್ಣೆ ಕುಡಿದು, ವಯಸ್ಸಾಗಿ, ಬಿರುಕು ಬಿಟ್ಟಿತ್ತು. ಹೊರಬಳೆ ತನ್ನ ಸ್ಥಾನದಿಂದ ಸುಮಾರು ಅರ್ಧ ಅಂಗುಲ ಜರುಗಿತ್ತು. ಇಗ್ನಿಷನ್ನಿನ ಕಾಲವನ್ನು ತೋರಿಸುವ ಗೆರೆಗಳನ್ನು ಕೊರೆದಿರುವುದು ಈ ಬಳೆಯ ಮೇಲೆಯೇ. ಆರೂವರೆ ಅಂಗುಲ ವ್ಯಾಸದ ಬಳೆ ಅರ್ಧ ಅಂಗುಲ ಜರುಗಿದರೆ ಸುಮಾರು 9 ಡಿಗ್ರಿಯ ಸುಳ್ಳು ಹೇಳುವುದು. ಅಂಗಡಿಯವರು ಎರಡು ಸಲವೂ ಆ ಸುಳ್ಳು ಗೆರೆಗೆ ಎಂಜಿನ್ನನ್ನು ಸರಿಪಡಿಸಿದ್ದರು. ಇನ್ನೂ ಓಡಿಸಿದ್ದರೆ ಬಳೆ ಕಳಚಿ ಹಾರಿ, ರೇಡಿಯೇಟರನ್ನೋ ಬಳಿಯಿದ್ದವರ ಕಾಲನ್ನೋ ಒಡೆಯುವ ಸಂಭವವಿತ್ತು. ಮಗಳ ಮುಖ ಬಿಳಿಚಿತು. ಆ ಭಾನುವಾರ ಮೊಮ್ಮಗ ಆ ಕಾರಿನಲ್ಲಿಯೇ ಕುಳಿತಿದ್ದನು.

ಹೊಸದನ್ನು ಕೊಳ್ಳಬೇಕೆಂಬುದು ನಿಶ್ಚಯವಾಯಿತು. ಆದರೆ ಯಾವುದನ್ನು? ರಬ್ಬರಿನವು ಒಂದು ಜಾತಿ. ಬಳೆಯನ್ನು ಮುಚ್ಚಿದ ಡಬ್ಬಿಯೊಳಗೆ ಮಂದವಾದ ಸಿಲಿಕೋನ್ ದ್ರವದಲ್ಲಿ ತೇಲಬಿಟ್ಟವು ಇನ್ನೊಂದು ಜಾತಿ. ಇವುಗಳ ಬೆಲೆ ಬಹಳ ಹೆಚ್ಚು. ತಟ್ಟೆಗಳ ತಿಕ್ಕಾಟದಿಂದ ಕಂಪವನ್ನು ತಡೆಯುವವು ಮೂರನೆಯವು. ಅಳಿಯಂದಿರು, "ಮಾವ, ನೀವೇನು ಹೇಳುತ್ತೀರಿ?" ಎಂದು ಕೇಳಿದರು. ಹಿರಿಯರೆಂಬ ಗೌರವದಿಂದ ಕೇಳಿದ ಮಾತು. ತಿಳಿಯದೆಂದು ಹೇಳಿದ್ದರೆ ನಮಗೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆ ಸುಮ್ಮನಿದ್ದೀತೆ? ಪ್ರಾಣದ ವಿಷಯದಲ್ಲಿ ಜಿಪುಣತನ ಸಲ್ಲದು, ಬೆಲೆ ಹೆಚ್ಚಿನದನ್ನೇ ತರಿಸಿರಿ ಎಂದೆವು. ಅವರು ಕಾರಿನ ವರ್ಷವನ್ನು ಬರೆದು ದ್ರವದ ಜಾತಿಯದೊಂದನ್ನು ತರಿಸಿದರು. ಮಗಳು ಎರಡು ದಿನ ನಮ್ಮೊಡನೆಯೂ ಸರಿಯಾಗಿ ಮಾತನಾಡಲಿಲ್ಲ.

ಪೆಟ್ಟಿಗೆ ಬಂದಿತು, ಒಳಗಿನ ಚಕ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಬೆಲ್ಟು ಓಡುವ ರಾಟೆಯನ್ನು ಅದಕ್ಕೆ ಜೋಡಿಸಲು ನೋಡಿದರೆ ರಾಟೆಯಲ್ಲಿ ಮೂರು ರಂಧ್ರ, ಹೊಸ ಚಕ್ರದಲ್ಲಿ ನಾಲ್ಕು. ಅಳಿಯಂದಿರು, ರಾಟೆಯನ್ನೂ ಹೊಸದು ತಂದರಾಯಿತು ಎಂದರು. ಪಕ್ಕದ ಮನೆಯ ವೃದ್ಧರು ಆಗ ಕೈಯೆತ್ತಿ ತಡೆದರು. ವಸ್ತು ಹೊಂದದಿದ್ದಾಗ ಅದನ್ನು ಹೊಂದಿಸಲು ಹೊರಡುವ ಮೊದಲು, ಏಕೆ ಹೊಂದಲಿಲ್ಲವೆಂದು ಕೇಳಿರಿ ಎಂಬುದು ಅವರ ಮಾತಿನ ತಾತ್ಪರ್ಯ. ಮೂರು ರಂಧ್ರದ ಪದ್ಧತಿ 1960ರ ದಶಕದ ಫೋರ್ಡ್ ಎಂಜಿನ್ನುಗಳದು; ನಾಲ್ಕರದು ಅನಂತರದ್ದು. 1980ರ ದಶಕದ ಕಾರಿನಲ್ಲಿ ಮೂರು ರಂಧ್ರದ ರಾಟೆ ಹೇಗೆ ಬಂದಿತು?

ಇಲ್ಲಿ ಬ್ಯಾಲೆನ್ಸರಿನ ಎರಡನೆಯ ಕಾರ್ಯವನ್ನು ಹೇಳಬೇಕು. ಇದನ್ನು ತಿಳಿಯದವರೇ ಹೆಚ್ಚಾಗಿ ಮೋಸಹೋಗುವರು. ಪಿಸ್ಟನ್ನುಗಳ ಓಡಾಟಕ್ಕೆ ಪ್ರತಿಯಾಗಿ ಕ್ರ್ಯಾಂಕ್ ದಂಡದಲ್ಲಿ ಎದುರು ಭಾರಗಳನ್ನು ಎರಕ ಹೊಯ್ದಿರುವರು. ಕೆಲವು ಎಂಜಿನ್ನುಗಳಲ್ಲಿ ಆ ಭಾರ ಒಳಗೇ ಪೂರ್ತಿಯಾಗಿರುವುದು. ಕೆಲವುಗಳಲ್ಲಿ ಸಾಲದು, ಉಳಿದ ಭಾರವನ್ನು ಮುಂದಿನ ಬ್ಯಾಲೆನ್ಸರಿನ ಒಂದು ಪಕ್ಕದಲ್ಲಿಯೂ ಹಿಂದಿನ ಫ್ಲೈವ್ಹೀಲಿನ ಒಂದು ಪಕ್ಕದಲ್ಲಿಯೂ ಇಡುವರು. ಷೆವ್ರೊಲೆಟ್ ಕಾರ್ಖಾನೆಯ 350 ಘನ ಅಂಗುಲದ ಎಂಜಿನ್ನಿನ ಬ್ಯಾಲೆನ್ಸರಿಗೆ ಒಂದು ಪಕ್ಕದ ಭಾರವಿಲ್ಲ. ಅದೇ ವಂಶದ 400 ಘನ ಅಂಗುಲದ್ದಕ್ಕೆ ಉಂಟು. ಹೊರನೋಟಕ್ಕೆ ಅಣ್ಣತಮ್ಮಂದಿರು, ಅಡಿಗೆ ಬೇರೆ.

ಮಸ್ಟಾಂಗಿನ ಎಂಜಿನ್ನು 302 ಘನ ಅಂಗುಲದ್ದು; 1968ರಲ್ಲಿ ಮೊದಲು ಬಂದಿತು. ಆಗ ಹೊರಭಾರದ ಪ್ರಮಾಣ ಸುಮಾರು 28 ಔನ್ಸ್-ಅಂಗುಲ. ಎಂದರೆ ಕೇಂದ್ರದಿಂದ ಒಂದಂಗುಲ ದೂರದಲ್ಲಿ 28 ಔನ್ಸು, ಸುಮಾರು 800 ಗ್ರಾಂ, ಇಟ್ಟಷ್ಟು ಎಳೆತ. ತೂಗುಗೋಲಿನ ನ್ಯಾಯವನ್ನು ಬಲ್ಲವರಿಗೆ ಇದು ಸುಲಭ: ಎರಡಂಗುಲ ದೂರದಲ್ಲಿಟ್ಟರೆ 14 ಔನ್ಸು ಸಾಕು. 1980ರ ದಶಕದ ಆರಂಭದಲ್ಲಿ ಕಾರ್ಖಾನೆಯವರು ಈ ಪ್ರಮಾಣವನ್ನು 50ಕ್ಕೆ ಏರಿಸಿದರು. ಎಂಜಿನ್ನಿನ ಹೆಸರು ಅದೇ, ಘನ ಅಂಗುಲ ಅದೇ, ದಂಡದ ಮೂತಿಯ ಅಳತೆಯೂ ಅದೇ. ಒಂದರ ಬ್ಯಾಲೆನ್ಸರು ಇನ್ನೊಂದರ ದಂಡದ ಮೇಲೆ ಸುಖವಾಗಿ ಕೂರುವುದು. ಕೂರುವುದೇ ಅಪಾಯ.

28 ಬೇಕಾದಲ್ಲಿ 50 ಇಟ್ಟರೆ 22 ಔನ್ಸ್-ಅಂಗುಲ ಹೆಚ್ಚಾಯಿತು. ಇಷ್ಟರಿಂದ ಏನಾದೀತೆಂದು ನಾವು ಕಾಗದದ ಮೇಲೆ ಲೆಕ್ಕ ಮಾಡಿದೆವು. ನಿಮಿಷಕ್ಕೆ 3000 ಸುತ್ತಿನಲ್ಲಿ ಆ ಹೆಚ್ಚಿನ ಭಾರ ದಂಡದ ಮುಂತುದಿಯನ್ನು ಸುಮಾರು 160 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯುವುದು. ಅದೂ ಸೆಕೆಂಡಿಗೆ 50 ಸಲ ದಿಕ್ಕನ್ನು ಸುತ್ತುತ್ತ. ವೇಗ ಇಮ್ಮಡಿಯಾದರೆ ಎಳೆತ ನಾಲ್ಮಡಿ. ಬೇರಿಂಗುಗಳು ಎಷ್ಟು ದಿನ ತಾಳಬಲ್ಲವು? ಬ್ಯಾಲೆನ್ಸರಿನ ಬೆಲೆಯಲ್ಲಿ ಉಳಿಸುವುದು ಅಥವಾ ಸುರಿಯುವುದು ಹಾಗಿರಲಿ, ಎಂಜಿನ್ನೇ ಹೋಗುತ್ತಿತ್ತು.

ಸ್ಟಾರ್ಟರ್ ಮೋಟಾರಿನ ಬಳಿ ಎಂಜಿನ್ನಿನ ಎರಕದ ಮೇಲೆ ಮೂಡಿದ್ದ ಅಂಕೆಗಳನ್ನು ವೃದ್ಧರು ಬಟ್ಟೆಯಿಂದ ಒರಸಿ ಓದಿದರು. ಫೋರ್ಡ್ ಕಾರ್ಖಾನೆಯ ಅಂಕೆಗಳ ಮೊದಲ ಅಕ್ಷರ ದಶಕವನ್ನು, ಮುಂದಿನ ಅಂಕಿ ವರ್ಷವನ್ನು ಹೇಳುವುದು: ಸಿ ಎಂದರೆ 1960ರ ದಶಕ, ಡಿ ಎಂದರೆ 1970ರದು, ಇ ಎಂದರೆ 1980ರದು. ಇಲ್ಲಿದ್ದುದು ಸಿ, ಅದರ ಮುಂದೆ 8. 1968ರ ಮಾದರಿಯ ಎರಕ! ಹಿಂದಿನ ಯಜಮಾನರಲ್ಲಿ ಯಾರೋ ಹೊಸ ಒಡಲಿಗೆ ಹಳೆಯ ಹೃದಯವನ್ನು ಇಟ್ಟಿದ್ದರು. ಅಷ್ಟಕ್ಕೆ ವೃದ್ಧರು ತೃಪ್ತರಾಗಲಿಲ್ಲ. ಎರಕ ಹೇಳುವುದು ಎರಕದ ಜನ್ಮವನ್ನು ಮಾತ್ರ. ಒಳಗಿನ ದಂಡವನ್ನು ಯಾರಾದರೂ ಬದಲಾಯಿಸಿರಬಹುದು. ಹೊಸದಾಗಿ ಮಾಡಿಸಿದ ಉಕ್ಕಿನ ದಂಡಗಳಲ್ಲಿ ಹೊರಭಾರವೇ ಬೇಡದವೂ ಉಂಟು. ಆದುದರಿಂದ ದಂಡದ ಗುರುತು ತಿಳಿಯದೆ ಏನನ್ನೂ ಕೊಳ್ಳಬಾರದೆಂದರು. ಎಂಜಿನ್ನನ್ನು ಬಿಚ್ಚಿಸಬೇಕೋ ಏನೋ ಎಂದು ಅಳಿಯಂದಿರು ತಲೆಯ ಮೇಲೆ ಕೈಹೊತ್ತು ಕುಳಿತರು.

ಆಗ ನಮ್ಮ ಮಗಳು ಒಳಗಿನಿಂದ ಒಂದು ದಪ್ಪನೆಯ ಲಕೋಟೆಯನ್ನು ತಂದಳು. ಕಾರು ಕೊಂಡ ದಿನ ಅದರೊಳಗೆ ಬಿದ್ದಿದ್ದ ಹಳೆಯ ರಶೀದಿಗಳನ್ನೆಲ್ಲ ಅವಳು ಎಸೆಯದೆ ಎತ್ತಿಟ್ಟಿದ್ದಳು. ಅವಳ ತಾಯಿಯೂ ಹಾಗೆಯೇ. ಅಕ್ಕಿಯ ಚೀಟಿಯನ್ನು ಕೂಡ ವರ್ಷಗಟ್ಟಲೆ ಇಡುವಾಕೆ. ಒಂದೊಂದಾಗಿ ಬಿಡಿಸಿದಾಗ ಎಂಜಿನ್ನನ್ನು ಪುನಃ ಕಟ್ಟಿಸಿದ ಕಾಲದ ಒಂದು ರಶೀದಿ ದೊರೆಯಿತು. ಅದರಲ್ಲಿ ದಂಡದ ಅಂಕೆಯೂ, 28 ಔನ್ಸಿಗೆ ತೂಗಿಸಿದೆ ಎಂಬ ಬರಹವೂ ಇದ್ದುವು. ವೃದ್ಧರು ಅದನ್ನು ಎರಡು ಸಲ ಓದಿ, ಕಳಚಿದ ಹಳೆಯ ಬ್ಯಾಲೆನ್ಸರಿನ ಭಾರವನ್ನೂ ನೋಡಿ ತಾಳೆಮಾಡಿ, ಇನ್ನು ಸಂಶಯವಿಲ್ಲವೆಂದರು. ಅಳಿಯಂದಿರು ಹೆಂಡತಿಯ ಕಡೆಗೆ ನೋಡಿದರು. "ನೀನು ಇದನ್ನು ಇಟ್ಟಿರುತ್ತೀಯೆಂದು ನನಗೆ ಗೊತ್ತೇ ಇರಲಿಲ್ಲ," ಎಂದರು. "ಲೆಕ್ಕ ಬರೆಯುವವರು ನೀವು, ಚೀಟಿ ಇಡುವವಳು ನಾನು," ಎಂದಳು ಅವಳು. ಬಹಳ ದಿನಗಳ ಮೇಲೆ ಇಬ್ಬರೂ ಒಟ್ಟಿಗೆ ನಕ್ಕದ್ದನ್ನು ಕೇಳಿದೆವು.

ಹೊಳೆಯುವ ಚಕ್ರವನ್ನು ಪೆಟ್ಟಿಗೆಯ ಸಮೇತ ಹಿಂದಿರುಗಿಸಿದರು. ಅದರಲ್ಲಿ ದೋಷವೇನೂ ಇರಲಿಲ್ಲ. ಅದು ಬೇರೊಬ್ಬರ ಮನೆಯ ವರ, ಅಷ್ಟೆ. ಬಳಿಕ ವೃದ್ಧರು ಆಯ್ಕೆಯ ಕ್ರಮವನ್ನು ಹೇಳಿಕೊಟ್ಟರು. ಇಂತಹ ಪ್ರಸಂಗ ಬರುವವರ ಉಪಯೋಗಕ್ಕಾಗಿ ಅದನ್ನು ಇಲ್ಲಿ ಬರೆಯುತ್ತೇವೆ.

ಮೊದಲನೆಯದು, ದಂಡಕ್ಕೆ ಬೇಕಾದ ಭಾರದ ಪ್ರಮಾಣ. ಇದನ್ನು ಕಾರಿನ ವರ್ಷದಿಂದಲ್ಲ, ದಂಡದಿಂದಲೇ ತಿಳಿಯಬೇಕು. ಹಿಂದಿನ ಫ್ಲೈವ್ಹೀಲಿಗೂ ಅದೇ ಪ್ರಮಾಣವಿರಬೇಕು. ಇದು ತಪ್ಪಿದರೆ ಉಳಿದ ಗುಣಗಳೆಲ್ಲ ವ್ಯರ್ಥ. ಎರಡನೆಯದು, ಜೋಡಣೆ: ರಾಟೆಯ ರಂಧ್ರಗಳ ಸಂಖ್ಯೆ, ಬೆಲ್ಟಿನ ಸಾಲು ನೆಟ್ಟಗೆ ಬರುವಷ್ಟು ದಪ್ಪ, ಕಾಲ ತೋರಿಸುವ ಗೆರೆಗಳು ಎಂಜಿನ್ನಿನ ಮುಳ್ಳಿಗೆ ಎದುರಾಗಿ ಬರುವ ಸ್ಥಾನ. ಮೂರನೆಯದು, ಉಪಯೋಗ. ಭಾನುವಾರ ಹೆಂಡತಿ ಮಕ್ಕಳೊಡನೆ ಹೋಗಿಬರುವ ಕಾರಿಗೆ ಒಳ್ಳೆಯ ಹೊಸ ರಬ್ಬರಿನದು ಧಾರಾಳವಾಗಿ ಸಾಕು. ಎಂಜಿನ್ನಿನ ಬಲವನ್ನು ಬಹಳ ಹೆಚ್ಚಿಸಿ ಅತಿವೇಗದಲ್ಲಿ ದುಡಿಸುವವರಿಗೆ ದ್ರವದ ಜಾತಿಯದು ಸಲ್ಲುವುದು. ಅದು ಒಂದೇ ವೇಗಕ್ಕೆ ಕಟ್ಟುಬೀಳದೆ ಹಲವು ವೇಗಗಳ ಕಂಪವನ್ನು ನುಂಗಬಲ್ಲುದು. ಆದರೆ ಅದಕ್ಕೆ ಒಂದು ಪೆಟ್ಟು ಬಿದ್ದು ಡಬ್ಬಿ ನೆಗ್ಗಿದರೆ ಒಳಗಿನ ಬಳೆ ಹಿಡಿದುಕೊಳ್ಳುವುದು. ಪಂದ್ಯದಲ್ಲಿ ಓಡಿಸುವವರು ಎಸ್‌ಎಫ್‌ಐ 18.1 ಎಂಬ ಸುರಕ್ಷತೆಯ ಮುದ್ರೆಯುಳ್ಳದ್ದನ್ನು ನೋಡಿ ಕೊಳ್ಳತಕ್ಕದ್ದು. ಭಾರ ಕಡಮೆಯಾದರೆ ಕಾರು ಹಗುರವಾಗಿ ಓಡೀತೆಂದು ಕಂಪಶಮನದ ಏರ್ಪಾಡೇ ಇಲ್ಲದ ಬರಿಯ ರಾಟೆಯನ್ನು ಹಾಕುವವರುಂಟು, ಅದು ಅವಿವೇಕ.

ನಾಲ್ಕನೆಯದು, ಕೂರಿಸುವ ರೀತಿ. ಅದನ್ನು ಸುತ್ತಿಗೆಯಿಂದ ಬಡಿದು ಕೂರಿಸಬಾರದು. ಆ ಪೆಟ್ಟು ದಂಡದ ಬೇರಿಂಗಿಗೂ ಚಕ್ರದ ರಬ್ಬರಿಗೂ ತಗಲುವುದು. ತಿರುಪಿನಿಂದ ಮೆಲ್ಲಮೆಲ್ಲನೆ ಒಳಗೆಳೆಯುವ ಸಲಕರಣೆ ದೊರೆಯುವುದು. ಎಣ್ಣೆಯ ಸೀಲು ತಿಕ್ಕುವ ಸ್ಥಳದಲ್ಲಿ ಹಳೆಯ ಸವೆತವಿದ್ದರೆ ಸೀಲನ್ನೂ ಅದೇ ವೇಳೆಯಲ್ಲಿ ಬದಲಾಯಿಸಬೇಕು. ಸೋರಿದ ಎಣ್ಣೆಯೇ ರಬ್ಬರಿಗೆ ವಿಷ.

ಅಳಿಯಂದಿರು 28ರ ಪ್ರಮಾಣದ, ಮೂರು ರಂಧ್ರದ, ಸಾಮಾನ್ಯವಾದ ರಬ್ಬರಿನ ಬ್ಯಾಲೆನ್ಸರನ್ನು ತರಿಸಿದರು. ಅದು ಕಪ್ಪಗೆ, ಹೊಳಪಿಲ್ಲದೆ ಇತ್ತು. ಹೊಳೆಯುವುದಕ್ಕೆ ಕೊಟ್ಟಿದ್ದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ನಾವು ಹೇಳಿದ್ದ ಉಪದೇಶವನ್ನು ಯಾರೂ ಎತ್ತಿ ಆಡಲಿಲ್ಲ. ಆದರೆ ನಾವೇ ಊಟದ ಹೊತ್ತಿನಲ್ಲಿ, ತಿಳಿಯದ ವಿಷಯದಲ್ಲಿ ಮಾತನಾಡಿದ್ದು ನಮ್ಮ ತಪ್ಪೆಂದು ಒಪ್ಪಿಕೊಂಡೆವು. ಬೆಲೆಯ ಹೆಚ್ಚಳವನ್ನು ಪ್ರೀತಿಯ ಹೆಚ್ಚಳವೆಂದು ಭ್ರಮಿಸುವುದು ನಮ್ಮಂತಹ ಹಿರಿಯರಲ್ಲಿ ಸಾಮಾನ್ಯ. ಮದುವೆಯ ಸೀರೆಯಿಂದ ಹಿಡಿದು ಮೊಮ್ಮಕ್ಕಳ ಶಾಲೆಯವರೆಗೆ ನಾವು ಕೇಳುವುದು ಒಳ್ಳೆಯದು ಯಾವುದೆಂದು. ಇದಕ್ಕೆ ಒಪ್ಪುವುದು ಯಾವುದೆಂದು ಮೊದಲು ಕೇಳಬೇಕು. ಅದಕ್ಕೆ ಉತ್ತರ ಅಂಗಡಿಯಲ್ಲಿರದು. ನಮ್ಮ ಮನೆಯಲ್ಲಿರುವ ವಸ್ತುವಿನ ಒಳಗಿರುವುದು.

ಚಕ್ರವನ್ನು ಕೂರಿಸಿದ ದಿನ ವೃದ್ಧರು ಒಂದು ಬಿಳಿಯ ಬಣ್ಣದ ಕಡ್ಡಿಯಿಂದ ನಾಭಿಯ ಮೇಲಿನಿಂದ ರಬ್ಬರನ್ನು ದಾಟಿ ಹೊರಬಳೆಯವರೆಗೆ ನೇರವಾಗಿ ಒಂದು ಗೆರೆಯನ್ನೆಳೆದರು. ಗೆರೆ ಒಂದೇ ಸಾಲಿನಲ್ಲಿರುವವರೆಗೆ ಎಲ್ಲವೂ ಕ್ಷೇಮ. ಎಂದಾದರೂ ಎರಡು ತುಂಡಾಗಿ ಕಂಡರೆ ಬಳೆ ಜರುಗುತ್ತಿದೆಯೆಂದು ತಿಳಿದು ಕಾರನ್ನು ನಿಲ್ಲಿಸಬೇಕು. ಇದಕ್ಕೆ ಕಾಸಿನ ಖರ್ಚಿಲ್ಲ. ತಿಂಗಳಿಗೊಮ್ಮೆ ಎಂಜಿನ್ನನ್ನು ನಿಲ್ಲಿಸಿ, ಆರಿದ ಮೇಲೆ, ದೀಪ ಹಿಡಿದು ಆ ಗೆರೆಯನ್ನು ನೋಡುವ ಕೆಲಸವನ್ನು ನಮ್ಮ ಮಗಳು ತಾನೇ ವಹಿಸಿಕೊಂಡಳು. ಮೊನ್ನೆ ಬರೆದ ಕಾಗದದಲ್ಲಿಯೂ ಮೊಮ್ಮಗನ ಹಲ್ಲು ಬಿದ್ದ ಸುದ್ದಿಯಾದ ಮೇಲೆ, "ಗೆರೆ ನೆಟ್ಟಗಿದೆ ಅಪ್ಪಾ," ಎಂದು ಒಂದು ಸಾಲು ಬರೆದಿದ್ದಾಳೆ.

ಮುಂದಿನ ತಿಂಗಳು ಬಾವಿಯ ರಾಟೆ ಮತ್ತು ಹಗ್ಗದ ವಿಚಾರ.